ರೆಗ್ಯುಲೇಟರ್‌ಗೆ ಕಾಣುವ ವೋಲ್ಟೇಜ್

ಹಳೆಯ ಲಾರಿಯ ಬ್ಯಾಟರಿ ವಾರವಾರವೂ ನೀರು ಕೇಳತೊಡಗಿದರೆ ಸುಮ್ಮನೆ ತುಂಬಿಸುತ್ತ ಹೋಗಬಾರದು. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ, ಟರ್ಮಿನಲ್ ಸುತ್ತ ಬೂಷ್ಟು ಹಿಡಿದಂಥ ಬಿಳಿ-ಹಸಿರು ಪುಡಿ, ಆಕ್ಸಿಲರೇಟರ್ ಒತ್ತಿದಷ್ಟೂ ಪ್ರಖರವಾಗುವ ಹೆಡ್‌ಲೈಟು, ಪದೇಪದೇ ಸುಡುವ ಬಲ್ಬು. ಇಷ್ಟು ಕಂಡರೆ ಆಲ್ಟರ್ನೇಟರ್ ಓವರ್‌ಚಾರ್ಜ್ ಮಾಡುತ್ತಿದೆ ಎಂದೇ ಲೆಕ್ಕ. ರಸ್ತೆ ಬದಿಯ ಅಂಗಡಿಗೆ ಹೋದರೆ ಮೊದಲು ಸಿಗುವ ಸಲಹೆ, ‘ಕಟ್‌ಔಟ್ ಹೋಗಿದೆ, ಹೊಸದು ಹಾಕಿ’. ಕಟ್‌ಔಟ್ ಎಂದರೆ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್. ಹಾಕುತ್ತೇವೆ. ತಿಂಗಳೊಳಗೆ ಮತ್ತೆ ಬ್ಯಾಟರಿ ಕುದಿಯುತ್ತದೆ.

ಹೊಸದನ್ನು ಕೊಳ್ಳುವ ಮೊದಲು ಮಲ್ಟಿಮೀಟರಿನ ಎರಡೂ ಕಡ್ಡಿಗಳನ್ನು ಬ್ಯಾಟರಿಯ ಕಂಬಗಳಿಗೇ ಇಟ್ಟು ಇಂಜಿನ್ ಓಡಿಸಿ ನೋಡಿ. 1986ರಲ್ಲಿ ಬಂದ ಟಾಟಾ 407ರಂಥ 12 ವೋಲ್ಟ್ ಗಾಡಿಯಲ್ಲಿ 13.8ರಿಂದ 14.4ರೊಳಗೆ ಇರಬೇಕು, 24 ವೋಲ್ಟಿನ ಗಾಡಿಗೆ ಇದರ ಇಮ್ಮಡಿ. ಇಂಜಿನ್ ವೇಗ ಏರಿಸಿದಂತೆ ಮುಳ್ಳು 16, 17 ಎಂದು ಹತ್ತುತ್ತಲೇ ಹೋದರೆ ಆಲ್ಟರ್ನೇಟರಿನ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಕಾಯಿಲಿಗೆ ಕಡಿವಾಣವೇ ಇಲ್ಲ: ರೆಗ್ಯುಲೇಟರ್ ಒಳಗೇ ಶಾರ್ಟ್ ಆಗಿದೆ, ಇಲ್ಲವೇ ಫೀಲ್ಡಿನ ವೈರು ಎಲ್ಲೋ ಸವೆದು ತಾಗಬಾರದ ಕಡೆ ತಾಗುತ್ತಿದೆ. ಆದರೆ ವೇಗ ಎಷ್ಟೇ ಏರಿಸಿದರೂ 15ರ ಆಸುಪಾಸಿನಲ್ಲಿ ಗಟ್ಟಿಯಾಗಿ ನಿಂತುಬಿಟ್ಟರೆ? ಆಗ ರೆಗ್ಯುಲೇಟರ್ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಅದಕ್ಕೆ ತಲುಪುತ್ತಿರುವ ಸುದ್ದಿಯಷ್ಟೇ ತಪ್ಪು.

ನನ್ನ ಆಸಕ್ತಿಯೆಲ್ಲ ಈ ಎರಡನೆಯ ಬಗೆಯಲ್ಲಿ. ರೆಗ್ಯುಲೇಟರ್ ಆಲ್ಟರ್ನೇಟರಿನಿಂದ ಬೇರೆಯಾಗಿ ಬಾಡಿಯ ಮೇಲೆ ಕೂತಿರುವ ಹಳೆಯ ಗಾಡಿಗಳಲ್ಲಿ ಅದು ಅಳೆಯುವುದು ಬ್ಯಾಟರಿಯ ವೋಲ್ಟೇಜನ್ನಲ್ಲ, ತನ್ನ ವೈರಿನ ತುದಿಗೆ ಬಂದು ಮುಟ್ಟಿದ್ದನ್ನು. ಹಲವು ಗಾಡಿಗಳಲ್ಲಿ ಆ ವೈರು ಇಗ್ನಿಷನ್ ಸ್ವಿಚ್ಚನ್ನು ಹಾದು ಬರುತ್ತದೆ. ವರ್ಷಗಟ್ಟಲೆ ತಿರುಗಿಸಿ ಕಪ್ಪಾದ ಸ್ವಿಚ್ಚಿನ ಪಾಯಿಂಟು, ತುಕ್ಕು ಹಿಡಿದ ಕನೆಕ್ಟರು ಸೇರಿ ಒಂದು ವೋಲ್ಟ್ ನುಂಗಿದರೆ, ಬ್ಯಾಟರಿಯಲ್ಲಿ 15.2 ಇದ್ದಾಗ ರೆಗ್ಯುಲೇಟರ್‌ಗೆ ಕಾಣುವುದು 14.2 ಮಾತ್ರ. ಅದರ ಪಾಲಿಗೆ ಎಲ್ಲವೂ ಸರಿ! ಅದರ ಬಾಡಿ ಅರ್ತ್ ಸಡಿಲವಾದರೂ ಇದೇ ಕತೆ. ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ರೆಗ್ಯುಲೇಟರಿನ ವೈರಿಗೆ. ಆಮೇಲೆ ಮೈನಸ್ಸಿನಿಂದ ರೆಗ್ಯುಲೇಟರಿನ ಮೈಗೆ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದ ಕಡೆ ಉಪ್ಪುಕಾಗದ ಹಿಡಿದು ಕೂರಿ. ಸ್ವಿಚ್ಚೇ ಸವೆದಿದ್ದರೆ ಅದರಿಂದ ಒಂದು ರಿಲೇ ಎಳೆಸಿ, ರೆಗ್ಯುಲೇಟರ್‌ಗೆ ಬ್ಯಾಟರಿಯಿಂದಲೇ ಫ್ಯೂಸ್ ಹಾಕಿದ ವೈರು ಕೊಡುವುದು ಅಚ್ಚುಕಟ್ಟಾದ ಕೆಲಸ. ದುಬಾರಿಯೂ ಅಲ್ಲ.

ಮೀಟರ್ 14.2 ಎನ್ನುತ್ತಿದ್ದರೂ ಬ್ಯಾಟರಿ ಕುದಿಯುವುದುಂಟು. ಆಗ ಪ್ರತಿ ಸೆಲ್ಲಿನ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬೇಕು. ಆರು ಸೆಲ್‌ಗಳಲ್ಲಿ ಒಂದು ಸತ್ತಿದ್ದರೆ ಪೂರ್ತಿ ಹೊರೆ ಉಳಿದ ಐದರ ಮೇಲೆ ಬೀಳುತ್ತದೆ. ಸೆಲ್ಲಿಗೆ 2.4 ವೋಲ್ಟ್ ದಾಟಿದರೆ ಗ್ಯಾಸ್ ಏಳುವುದು ಜೋರಾಗುತ್ತದೆ, ಇಲ್ಲಿ ಸಿಗುತ್ತಿರುವುದು 2.8. ಅಂಥ ಬ್ಯಾಟರಿಯನ್ನು ಇಟ್ಟುಕೊಂಡು ಆಲ್ಟರ್ನೇಟರ್ ಬಿಚ್ಚಿಸುವುದು ದಂಡ. ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಸಿಡ್ ಬಿಸಿಯಾದಂತೆ ಬ್ಯಾಟರಿಗೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ರಾಯಚೂರು, ಕಲಬುರಗಿ ಕಡೆಯ ಮೇ ತಿಂಗಳಲ್ಲಿ ಓಡುವ ಗಾಡಿಗೆ 14ರ ಹತ್ತಿರ ನಿಂತರೆ ಒಳ್ಳೆಯದು.

ಒಂದು ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಿ. ಚಾರ್ಜಿಂಗ್ ಪರೀಕ್ಷೆಗೆಂದು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಳಚುವವರು ಇಂದಿಗೂ ಇದ್ದಾರೆ. ಡೈನಮೋ ಕಾಲದಲ್ಲಿ ಹೇಗೋ ನಡೆಯಿತು. ಆಲ್ಟರ್ನೇಟರಿನಲ್ಲಿ ಬ್ಯಾಟರಿಯ ಆಸರೆ ತಪ್ಪಿದ ಕ್ಷಣ ವೋಲ್ಟೇಜ್ ಹಲವು ಪಟ್ಟು ಜಿಗಿದು ಡಯೋಡುಗಳನ್ನೂ ರೆಗ್ಯುಲೇಟರನ್ನೂ ಸುಡಬಲ್ಲದು. ಕುದಿಯುವ ಬ್ಯಾಟರಿಯ ಸುತ್ತ ಹೈಡ್ರೋಜನ್ ಬೇರೆ ಇರುತ್ತದೆ. ಟರ್ಮಿನಲ್ಲಿನ ಒಂದು ಕಿಡಿ ಸಾಕು, ಆಸಿಡ್ ಮುಖಕ್ಕೇ ಸಿಡಿಯುತ್ತದೆ. ಇಂಜಿನ್ ನಿಲ್ಲಿಸಿ, ಸ್ವಲ್ಪ ಗಾಳಿಯಾಡಲು ಬಿಟ್ಟು, ಮೊದಲು ಮೈನಸ್ ಬಿಚ್ಚಿ.