ಶೋಧನೆಯ ಪದಗಳೂ ‘ಆಕರಾಭಾವ’ದ ತೀರ್ಮಾನವೂ

“ಈ ವಿಷಯದಲ್ಲಿ ಆಕರಗಳು ದೊರೆಯುವುದಿಲ್ಲ” ಎಂಬ ವಾಕ್ಯವು ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಪದೇ ಪದೇ ಕಾಣಬರುತ್ತಿದೆ. ಗಣಕಯಂತ್ರದ ಗ್ರಂಥಸೂಚಿಯಲ್ಲಿ ಒಂದೆರಡು ಪದಗಳನ್ನಿಟ್ಟು, ಫಲ ಕಾಣದೆ ಬರೆದ ವಾಕ್ಯವಿದು. ಆಕರಗಳ ಅಭಾವವೇ ಬೇರೆ, ಹುಡುಕುವವನ ಪದಗಳ ಅಭಾವವೇ ಬೇರೆ.

1830–31ರಲ್ಲಿ ಮೈಸೂರು ಸಂಸ್ಥಾನದ ಮಲೆನಾಡಿನಲ್ಲಿ ನಡೆದ ನಗರದ ದಂಗೆಯನ್ನೇ ನಿದರ್ಶನವಾಗಿ ನೋಡಬಹುದು. ‘ನಗರ’ವೆಂಬುದು ಇಲ್ಲಿ ಊರಿನ ಹೆಸರು; ಆದರೆ ಯಂತ್ರವು ಅದನ್ನು ಪಟ್ಟಣವೆಂದೇ ಗ್ರಹಿಸಿ ಪಟ್ಟಣಗಳ ಗಲಭೆಗಳನ್ನು ಮುಂದಿಡಬಹುದು. ಈ ಊರು ಮೊದಲು ಬಿದನೂರು. 1763ರಲ್ಲಿ ಹೈದರನು ಗೆದ್ದಮೇಲೆ ಹೈದರ್‌ನಗರವಾಯಿತು. ಆಂಗ್ಲರು ಇದನ್ನು ‘ಬೆಡ್ನೋರ್’ ಎಂದೂ, ‘ಎ’ಕಾರವಿರಬೇಕಾದೆಡೆ ‘ಯು’ಕಾರವಿಟ್ಟು ‘ನಗ್ಗರ್’ ಎಂದೂ ಬರೆದರು. ಆದುದರಿಂದ ಊರಿನ ಈ ಎಲ್ಲ ರೂಪಗಳನ್ನು ‘ಆರ್’ ಎಂಬುದರಿಂದ ಜೋಡಿಸಿ ಒಂದು ಆವರಣದಲ್ಲಿಡಬೇಕು. ‘ಇನ್ಸರೆಕ್ಷನ್’, ‘ರೆಬೆಲಿಯನ್’, ‘ಡಿಸ್ಟರ್ಬೆನ್ಸ್’ ಎಂಬ ಘಟನಾವಾಚಕಗಳನ್ನು ಹಾಗೆಯೇ ಇನ್ನೊಂದು ಆವರಣದಲ್ಲಿಟ್ಟು, ಎರಡನ್ನೂ ‘ಆ್ಯಂಡ್’ನಿಂದ ಕೂಡಿಸಬೇಕು. ‘ಆರ್’ ಬಲೆಯನ್ನು ಹಿಗ್ಗಿಸುತ್ತದೆ, ‘ಆ್ಯಂಡ್’ ಕುಗ್ಗಿಸುತ್ತದೆ.

‘ನಾಟ್’ ಎಂಬುದರಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಅವಶ್ಯ. ಪಟ್ಟಣದ ಗಲಭೆಗಳನ್ನು ತೊಲಗಿಸಲೆಂದು ‘ಬೆಂಗಳೂರು’ ಎಂಬ ಪದವನ್ನು ಹೊರಗಿಟ್ಟರೆ, 1831ರಲ್ಲಿ ಆಂಗ್ಲರು ಆಡಳಿತವನ್ನು ವಹಿಸಿಕೊಂಡ ಮೇಲೆ ಅದೇ ಊರಿನಿಂದ ಹೊರಟ ಕಾಗದಪತ್ರಗಳೂ ಅದರೊಡನೆಯೇ ತೊಲಗುತ್ತವೆ.

ಇಷ್ಟು ಕೇವಲ ತಂತ್ರದ ಮಾತಾಯಿತು. ನಮ್ಮ ಆಕ್ಷೇಪಣೆ ಇದಕ್ಕಿಂತ ಆಳವಾದುದು. ‘ಇನ್ಸರೆಕ್ಷನ್’ ಎಂಬುದು ಆಳುವವರ ಪದ. ಅದೊಂದನ್ನೇ ಹಿಡಿದು ಹೊರಟವನಿಗೆ ಆಳುವವರ ವರದಿಗಳೇ ಮೊದಲು ಸಿಕ್ಕುವುದು ಸಹಜ. ಕಂದಾಯದ ಕಾಟವನ್ನು ತಾಳಲಾರದೆ ಒಂದೆಡೆ ಸೇರಿದ ರೈತರ ಸಭೆಗಳಿಗೆ ‘ಕೂಟ’ವೆಂಬ ಹೆಸರಿತ್ತು, ಆ ಪದವು ಆಂಗ್ಲ ಬರೆಹಗಳಲ್ಲಿಯೂ ಉಳಿದುಬಂದಿದೆ. ಅದನ್ನು ಶೋಧನೆಯಲ್ಲಿ ಸೇರಿಸದವನು ರೈತರ ಮಾತನ್ನು ಕೇಳುವ ಮೊದಲೇ ತೀರ್ಪು ಬರೆದಂತಾಗುತ್ತದೆ. ಪದದ ಆಯ್ಕೆಯಲ್ಲಿಯೇ ಪಕ್ಷದ ಆಯ್ಕೆಯೂ ಅಡಗಿದೆಯೆಂಬುದನ್ನು ಇತಿಹಾಸದ ವಿದ್ಯಾರ್ಥಿಯು ಮರೆಯಲಾಗದು.

ಆದಕಾರಣ ಯಾವ ಸೂಚಿಯಲ್ಲಿ, ಯಾವ ಪದಗಳನ್ನು, ಹೇಗೆ ಜೋಡಿಸಿ, ಎಂದು ಹುಡುಕಲಾಯಿತೆಂಬ ವಿವರವನ್ನು ಪ್ರಬಂಧದ ಅನುಬಂಧದಲ್ಲಿ ಕೊಡುವ ಪದ್ಧತಿ ನಮ್ಮಲ್ಲಿ ಬೆಳೆಯಬೇಕು. ಅಚ್ಚಾಗಿಯೂ ಗಣಕಸೂಚಿಗೆ ಸೇರದ ಗ್ರಂಥಗಳೂ, ಪತ್ರಾಗಾರದ ಕಡತಗಳೂ ಇನ್ನೂ ಎಷ್ಟೋ ಇವೆ. “ದೊರೆಯುವುದಿಲ್ಲ” ಎಂಬುದಕ್ಕೆ ಬದಲಾಗಿ “ಈ ಪದಗಳಿಂದ ನನಗೆ ದೊರೆಯಲಿಲ್ಲ” ಎಂದು ಬರೆಯುವುದೇ ಪ್ರಾಮಾಣಿಕತೆ. ಮುಂದೆ ಬರುವವನಿಗೆ ದಾರಿ ತೆರೆದಿಡುವುದೂ ಅದೇ.