ಈಜುಗಾರನ ಕೈಗೆ ಹಲಗೆ ಕಟ್ಟಿದರೆ ವೇಗ ಬರುವುದೇ?

ಸ್ಪರ್ಧಾ ಈಜಿನ ಅಭ್ಯಾಸಕ್ಕೆ ಹೊರಟ ಹನ್ನೆರಡು ವರ್ಷದ ಹುಡುಗಿಯ ಜಾಲರಿ ಚೀಲವನ್ನು ಬಿಚ್ಚಿ ನೋಡಿ. ಅಂಗೈಗೆ ಕಟ್ಟುವ ಪ್ಯಾಡಲ್, ಪಾದಕ್ಕೆ ರಬ್ಬರಿನ ಫಿನ್, ಮುಂದೆ ಹಿಡಿಯುವ ಕಿಕ್‌ಬೋರ್ಡ್, ತೊಡೆಗಳ ನಡುವೆ ಸಿಕ್ಕಿಸುವ ಪುಲ್‌ಬಾಯ್, ಉಸಿರಾಟಕ್ಕೆ ಸ್ನಾರ್ಕೆಲ್, ಸೊಂಟಕ್ಕೆ ಕಟ್ಟಿ ಹಿಂದೆ ಬಿಡುವ ಪುಟ್ಟ ಪ್ಯಾರಾಚೂಟ್... ಸ್ಪರ್ಧೆಯ ದಿನ ಇವುಗಳಲ್ಲಿ ಒಂದಕ್ಕೂ ಪ್ರವೇಶವಿಲ್ಲ! ಹಾಗಾದರೆ ಇವು ಏಕೆ? ‘ಬಲ ಹೆಚ್ಚುತ್ತದೆ, ಅದರಿಂದ ವೇಗ ಹೆಚ್ಚುತ್ತದೆ’ ಎಂಬುದು ಮಾರುವವರ ಉತ್ತರ. ಅದನ್ನೇ ಬಹುಮಟ್ಟಿಗೆ ಪಾಲಕರೂ ನಂಬಿದ್ದಾರೆ. ಈ ಉತ್ತರವನ್ನು ಸ್ವಲ್ಪ ಒರೆಗೆ ಹಚ್ಚೋಣ.

ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು. ಈಜುಗಾರನನ್ನು ಹಿಂದಕ್ಕೆಳೆಯುವ ರೋಧವು ಸರಿಸುಮಾರಾಗಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ. ಅಂದರೆ ವೇಗವನ್ನು ಶೇಕಡ 10ರಷ್ಟು ಹೆಚ್ಚಿಸಲು ಸಾಮರ್ಥ್ಯ ಶೇಕಡ 33ರಷ್ಟು ಹೆಚ್ಚಬೇಕು! ಇನ್ನೊಂದು ತೊಡಕೂ ಇದೆ. ಓಟಗಾರ ಒದೆಯುವ ನೆಲ ಜರುಗುವುದಿಲ್ಲ. ಈಜುಗಾರ ತಳ್ಳುವ ನೀರು ಜರುಗುತ್ತದೆ. ಅವನ ದುಡಿಮೆಯ ಒಂದು ಪಾಲು ನೀರನ್ನು ಹಿಂದಕ್ಕೆ ಓಡಿಸುವುದರಲ್ಲೇ ಕಳೆದುಹೋಗುತ್ತದೆ.

ಪ್ಯಾಡಲ್‌ನ ಗುಟ್ಟು ಇಲ್ಲಿದೆ. ಇದು ಹೊಸ ಉಪಾಯವೇನಲ್ಲ. ಮಿಂಚಿನ ಪ್ರಯೋಗಗಳಿಗೆ ಹೆಸರಾದ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ, ಹೆಬ್ಬೆರಳಿಗೆ ತೂತಿದ್ದ ಅಂಡಾಕಾರದ ಹಲಗೆಗಳನ್ನು ಮಾಡಿಕೊಂಡು ಈಜಿದ್ದ. ವೇಗ ಹೆಚ್ಚಿತು, ಆದರೆ ಮಣಿಕಟ್ಟು ದಣಿಯಿತು ಎಂದು ಮುಂದೆ ಬರೆದ. ವೇಗ ಹೆಚ್ಚಿದ್ದೇಕೆ? ಹಲಗೆ ಅಗಲವಾದಷ್ಟೂ ಅದರ ಹಿಡಿತಕ್ಕೆ ಹೆಚ್ಚು ನೀರು ಸಿಗುತ್ತದೆ. ಎರಡರಷ್ಟು ನೀರನ್ನು ಅರ್ಧ ವೇಗದಲ್ಲಿ ತಳ್ಳಿದರೆ ಸಂವೇಗ ಅಷ್ಟೇ ಉಳಿಯುತ್ತದೆ, ಆದ್ದರಿಂದ ಮುಂದಕ್ಕೆ ಸಿಗುವ ನೂಕೂ ಅಷ್ಟೇ. ಆದರೆ ನೀರಿಗೆ ಸೋರಿಹೋಗುವ ಚಲನಶಕ್ತಿ ಅರ್ಧವಾಗುತ್ತದೆ. 1991ರಲ್ಲಿ ನೆದರ್ಲೆಂಡ್ಸಿನ ಹ್ಯೂಬ್ ಟೂಸಾಂಟ್ ಮತ್ತು ಸಂಗಡಿಗರು ಇದನ್ನು ಅಳೆದೇ ನೋಡಿದರು. ಪ್ಯಾಡಲ್ ತೊಟ್ಟಾಗ ನೂಕುವ ದಕ್ಷತೆ ಸುಮಾರು ಶೇಕಡ 8ರಷ್ಟು ಹೆಚ್ಚಿತು; ಅದೇ ವೇಗದಲ್ಲಿ ಈಜಲು ವ್ಯಯವಾದ ಶಕ್ತಿ ಕಡಿಮೆಯಾಯಿತು.

ಗಮನಿಸಿ: ದೇಹಕ್ಕೆ ಹೊರೆ ಹೆಚ್ಚಿಸಲೆಂದು ಕೊಂಡ ಸಲಕರಣೆ, ವೇಗ ಅಷ್ಟೇ ಇದ್ದರೆ, ಹೊರೆಯನ್ನು ಇಳಿಸುತ್ತಿದೆ! ಮೈಮುರಿದು ಈಜಿದಾಗ ಮಾತ್ರ ತೋಳಿಗೆ ನಿಜವಾದ ಭಾರ. ಆಗಲೂ ಕೈಬೀಸುಗಳ ಸಂಖ್ಯೆ ಇಳಿಯುತ್ತದೆ; ಸ್ನಾಯುಗಳು ಸ್ಪರ್ಧೆಯಲ್ಲಿ ಬೇಕಾದುದಕ್ಕಿಂತ ನಿಧಾನವಾದ ಲಯವನ್ನು ರೂಢಿಸಿಕೊಳ್ಳುತ್ತವೆ. ಪ್ರತಿ ಬೀಸಿನ ಭಾರ ಭುಜದ ಕೀಲಿನ ಮೇಲೆ. ಬೆಳೆಯುವ ಮಕ್ಕಳ ಕೈಗೆ ಅಂಗೈಯ ಎರಡರಷ್ಟಿರುವ ಹಲಗೆ ಕಟ್ಟಿ ಕಿಲೋಮೀಟರುಗಟ್ಟಲೆ ಈಜಿಸುವುದನ್ನು ತರಬೇತಿ ಎನ್ನಲು ನನಗೆ ಮನಸ್ಸಿಲ್ಲ.

‘ಆದರೂ ಬಲ ಬಂತಲ್ಲ’ ಎನ್ನಬಹುದು. ಬಂದ ಬಲವೆಲ್ಲ ನೀರಿನಲ್ಲಿ ಕೆಲಸಕ್ಕೆ ಬರುತ್ತದೆಯೇ ಎಂಬುದೇ ಪ್ರಶ್ನೆ. 1993ರಲ್ಲಿ ಅಮೆರಿಕದಲ್ಲಿ ತನಾಕಾ, ಕಾಸ್ಟಿಲ್ ಮೊದಲಾದವರು 24 ಮಂದಿ ನುರಿತ ಈಜುಗಾರರನ್ನು ಎರಡು ತಂಡ ಮಾಡಿದರು. ಒಂದಕ್ಕೆ ಈಜು ಮಾತ್ರ. ಇನ್ನೊಂದಕ್ಕೆ ಈಜಿನೊಂದಿಗೆ ನೆಲದ ಮೇಲೆ ಭಾರ ಎತ್ತುವ ವ್ಯಾಯಾಮ. ಎರಡನೆಯ ತಂಡದವರು ಎತ್ತಬಲ್ಲ ಭಾರ ಶೇಕಡ 25ರಿಂದ 35ರಷ್ಟು ಏರಿತು. ಈಜಿನ ವೇಗದಲ್ಲಿ ಮಾತ್ರ ಎರಡು ತಂಡಗಳಿಗೂ ವ್ಯತ್ಯಾಸ ಕಾಣಲಿಲ್ಲ! ಇದಕ್ಕೆ ಎದುರಾಗಿ, ಟೂಸಾಂಟ್ ಮತ್ತು ವೆರ್ವೂರ್ನ್ 1990ರಲ್ಲಿ ವರದಿ ಮಾಡಿದ ಪ್ರಯೋಗವಿದೆ. ನೀರಿನಲ್ಲೇ, ಈಜುವ ಭಂಗಿಯಲ್ಲೇ, ಸ್ಥಿರವಾಗಿ ನೆಟ್ಟ ಪಟ್ಟಿಗಳನ್ನು ಒಂದೊಂದಾಗಿ ತಳ್ಳುತ್ತ ಹತ್ತು ವಾರ ಅಭ್ಯಾಸ ಮಾಡಿದವರ ಸ್ಪರ್ಧಾವೇಗ ಸುಧಾರಿಸಿತು. ಹಾಗಾಗಿ ಹೊರೆ ಎಷ್ಟು ಎನ್ನುವುದಕ್ಕಿಂತ, ಅದು ಯಾವ ಚಲನೆಯ ಮೇಲೆ ಬೀಳುತ್ತದೆ ಎನ್ನುವುದು ಮುಖ್ಯ. ಆ ಯಂತ್ರವೇನೋ ಚೀಲದಲ್ಲಿ ತುಂಬಿ ತರುವಂಥದ್ದಲ್ಲ, ಬಿಡಿ.

ಪುಲ್‌ಬಾಯ್‌ನ ಕತೆ ಬೇರೆ. ನಮ್ಮ ಹಳ್ಳಿಗಳಲ್ಲಿ ಬಾವಿಗಿಳಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ಅದರ ವಂಶದ್ದೇ ಇದು. ಗಾಳಿ ತುಂಬಿದ ಶ್ವಾಸಕೋಶ ಎದೆಯನ್ನು ತೇಲಿಸುತ್ತದೆ. ದೇಹದ ಗುರುತ್ವಕೇಂದ್ರ ಅದಕ್ಕಿಂತ ಕೆಳಗೆ, ಸೊಂಟದತ್ತ ಇರುವುದರಿಂದ ಕಾಲು ಮುಳುಗುತ್ತದೆ. ಬುರುಡೆಯಾಗಲಿ ಪುಲ್‌ಬಾಯ್ ಆಗಲಿ ಈ ಅಸಮತೋಲವನ್ನು ಮರೆಮಾಡುತ್ತದೆ. ಕಲಿಯುವವರಿಗೆ ಇದು ವರ. ಸ್ಪರ್ಧಿಗೆ ಹಾಗಲ್ಲ: ತಲೆಯೆತ್ತಿ ಈಜುವ ದೋಷದಿಂದ ಸೊಂಟ ಇಳಿಯುತ್ತಿದ್ದರೆ, ಪುಲ್‌ಬಾಯ್ ಇರುವಷ್ಟು ಹೊತ್ತೂ ಆ ದೋಷ ಕಾಣುವುದೇ ಇಲ್ಲ. ಕಿಕ್‌ಬೋರ್ಡ್ ಅಂತೂ ತಲೆಯೆತ್ತುವುದನ್ನು ತಾನೇ ಕಲಿಸುತ್ತದೆ. ಚೀಲದಲ್ಲಿ ನನಗೆ ಮೆಚ್ಚುಗೆಯಾಗುವುದು ಸ್ನಾರ್ಕೆಲ್. ಉಸಿರಿಗಾಗಿ ತಲೆ ಹೊರಳಿಸಬೇಕಿಲ್ಲದ್ದರಿಂದ ಕೈ ನೀರನ್ನು ಹಿಡಿಯುವ ಬಗೆಯತ್ತ ಗಮನ ಕೊಡಬಹುದು.

ರೋಧ ಇಳಿಸಿದರೆ ಏನಾಗುತ್ತದೆಂಬುದನ್ನು ಜಗತ್ತು ಒಮ್ಮೆ ಕಂಡಿದೆ. ಪಾಲಿಯುರಿಥೇನ್ ಉಡುಪುಗಳ ಕಾಲದಲ್ಲಿ, 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ ಒಂದರಲ್ಲೇ 43 ವಿಶ್ವದಾಖಲೆಗಳಾದವು. 2010ರಿಂದ ಆ ಉಡುಪುಗಳಿಗೆ ನಿಷೇಧ. ಅಲ್ಲಿ ಬ್ರೆಜಿಲ್‌ನ ಸೀಸರ್ ಸಿಯೆಲೊ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಸ್ಥಾಪಿಸಿದ 46.91 ಸೆಕೆಂಡುಗಳ ದಾಖಲೆ, ರುಮೇನಿಯದ ಡೇವಿಡ್ ಪೊಪೊವಿಚಿ 46.86 ಸೆಕೆಂಡುಗಳಲ್ಲಿ ಈಜಿದ 2022ರವರೆಗೂ ಅಲುಗಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನದ ಪಾನ್ ಝಾನ್‌ಲೆ ಅದನ್ನು 46.40ಕ್ಕೆ ಇಳಿಸಿದ. ಮೈಗೆ ತೊಡುವ ಆ ಅನುಕೂಲ ಈಗಿಲ್ಲ. ಚಾಚಿದ ದೇಹ, ತಗ್ಗಿದ ತಲೆ, ಗೋಡೆಯಿಂದ ಚಿಮ್ಮುವಾಗಿನ ನೇರ ಭಂಗಿ ಇವುಗಳಿಂದಲೇ ರೋಧ ಇಳಿಯಬೇಕು.

ಸಲಕರಣೆ ಉಪಯೋಗಿಸಲೇಬೇಕೆಂದಿದ್ದರೆ ಅದನ್ನು ಪರೀಕ್ಷಿಸುವ ದಾರಿ ಸುಲಭ. ಬರಿಗೈಯಲ್ಲಿ 50 ಮೀಟರ್ ಈಜಿ ಸಮಯವನ್ನೂ ಕೈಬೀಸುಗಳನ್ನೂ ಬರೆದಿಡಿ. ಆರು ವಾರ ಪ್ಯಾಡಲ್ ಬಳಸಿದ ಮೇಲೆ ಮತ್ತೆ ಬರಿಗೈಯಲ್ಲಿ ಈಜಿ ಹೋಲಿಸಿ. ಪ್ಯಾಡಲ್ ತೊಟ್ಟಾಗಿನ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಡುವೆ ಭುಜ ನೋಯತೊಡಗಿದರೆ ಪರೀಕ್ಷೆಯನ್ನು ಅಂದೇ ನಿಲ್ಲಿಸಿ.