ಅಪಾಯವೂ ಸಾಹಸವೂ: ಬ್ಯಾಂಕುಗಳ ವಿಷಯದಲ್ಲಿ ಒಂದು ಪದವಿಮರ್ಶೆ

ಬ್ಯಾಂಕುಗಳ ವ್ಯವಹಾರವನ್ನು ಕನ್ನಡದಲ್ಲಿ ನಿರೂಪಿಸುವವರು ‘ರಿಸ್ಕ್’ ಎಂಬುದಕ್ಕೆ ಸಾಮಾನ್ಯವಾಗಿ ‘ಅಪಾಯ’ವೆಂದು ಬರೆಯುವರು. ಈ ಪ್ರಯೋಗವು ಅರ್ಧಮಾತ್ರ ಸಾಧುವಾದುದು. ಅಪಾಯವೆಂದರೆ ಹಾನಿ, ಅದು ಬಂದೊದಗತಕ್ಕದ್ದು. ಬ್ಯಾಂಕು ತಿಳಿದೂ ಕೈಯಿಕ್ಕುವ ಕಾರ್ಯಕ್ಕೆ ಈ ಹೆಸರನ್ನಿಟ್ಟರೆ ಕರ್ತೃವು ಮರೆಯಾಗಿ ಫಲವೊಂದೇ ಉಳಿಯುವುದು.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಅಚ್ಚಿಗೆ ತಂದರು. ಅದರ ಧರ್ಮಸ್ಥೀಯಾಧಿಕರಣದಲ್ಲಿ ನೂರು ಪಣಕ್ಕೆ ತಿಂಗಳ ಧರ್ಮ್ಯವಾದ ಬಡ್ಡಿ 1¼ ಪಣ. ವ್ಯಾಪಾರದ ಸಾಲಕ್ಕೆ 5, ಕಾಡುದಾರಿಯ ವರ್ತಕರಿಗೆ 10, ಕಡಲ ವರ್ತಕರಿಗೆ 20. ಇಲ್ಲಿ ಅಧಮರ್ಣನ ಅಪಾಯಕ್ಕೆ ತಕ್ಕಂತೆ ಬಡ್ಡಿ ಏರುವುದು. ‘ಅಪಾಯ’ಶಬ್ದಕ್ಕೆ ಇದು ಉಚಿತವಾದ ಸ್ಥಾನ.

ಈಚಿನ ಅರ್ಥಶಾಸ್ತ್ರಜ್ಞರು ಇದರ ವಿಪರ್ಯಯವನ್ನೂ ಕಂಡಿರುವರು: ಬಡ್ಡಿಯು ಉತ್ತಮರ್ಣನ ಬುದ್ಧಿಯನ್ನೇ ಬದಲಿಸಬಲ್ಲದು. ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ‘ರೆಪೊ’ ದರವನ್ನು ರಿಸರ್ವ್ ಬ್ಯಾಂಕು ಇಳಿಸಿದರೆ ಸರ್ಕಾರಿ ಸಾಲಪತ್ರಗಳ ಆದಾಯವೂ ತಗ್ಗುವುದು. ಲಾಭವನ್ನು ಕಾಯ್ದುಕೊಳ್ಳಲು ಬ್ಯಾಂಕು ಹೆಚ್ಚು ಬಡ್ಡಿ ತೆರುವ, ಭದ್ರತೆ ಕಡಿಮೆಯಾದವನನ್ನು ಅರಸತೊಡಗುವುದು. ಶಿವಾಜಿನಗರದ ವರ್ತಕನೊಬ್ಬನು ಕೃಷ್ಣರಾಜಪುರದ ನಿವೇಶನವನ್ನು ಅಡವಿಡಬಂದನೆಂದಿಟ್ಟುಕೊಂಡರೆ, ಅಗ್ಗದ ಸಾಲದಿಂದ ನೆಲದ ಬೆಲೆಯೇರಿದಾಗ, ಹಿಂದೆ ನಿರಾಕರಿಸಿದ್ದ ಸಾಲವೇ ನಿರಪಾಯವೆನಿಸುವುದು. ನೆಲವೂ ಅದೇ, ವರ್ತಕನೂ ಅವನೇ. ಬದಲಾದುದು ಬ್ಯಾಂಕಿನ ಎದೆಗಾರಿಕೆ.

ಇದಕ್ಕೆ ‘ಸಾಹಸ’ವೆಂಬುದೇ ತಕ್ಕ ಹೆಸರು. ಸ್ಮೃತಿಗಳಲ್ಲಿ ಸಾಹಸವು ಬಲಾತ್ಕಾರದ ಅಪರಾಧ, ಹದಿನೆಂಟು ವ್ಯವಹಾರಪದಗಳಲ್ಲೊಂದು. ಕನ್ನಡದಲ್ಲಾದರೋ ಮೆಚ್ಚುಗೆಯ ಮಾತು. ಇಲ್ಲಿ ಎರಡು ಛಾಯೆಗಳೂ ಬೇಕು. ಸಾಹಸವಿಲ್ಲದೆ ಹೊಸ ಅಂಗಡಿ ಏಳದು. ಅದು ಮಿತಿಮೀರಿದರೆ ಠೇವಣಿದಾರನ ಗಂಟಿಗೆ ಕೇಡು.

2020ರ ಮೇ ತಿಂಗಳಲ್ಲಿ ಶೇಕಡಾ 4.00ಕ್ಕೆ ಇಳಿದ ರೆಪೊ ದರವು 2023ರ ಫೆಬ್ರವರಿಯಲ್ಲಿ 6.50ಕ್ಕೆ ಏರಿತು. ಆದರೂ ಆ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಮನೆ, ವಿದ್ಯೆ, ವಾಹನ, ಚಿನ್ನಗಳ ಸಾಲಗಳನ್ನು ಬಿಟ್ಟು ಉಳಿದ ಗ್ರಾಹಕಸಾಲಗಳ ಅಪಾಯಭಾರವನ್ನು ಶೇಕಡಾ 100ರಿಂದ 125ಕ್ಕೆ ಏರಿಸಿತು. ಎಂದರೆ ಅಂಥ ಸಾಲಕ್ಕೆ ಬ್ಯಾಂಕು ಹೆಚ್ಚು ಸ್ವಂತ ಬಂಡವಾಳವನ್ನು ಕಟ್ಟಿಡಬೇಕು. ದರವೊಂದೇ ಸಾಹಸಕ್ಕೆ ಕಾರಣವೂ ಅಲ್ಲ, ಅಂಕುಶವೂ ಅಲ್ಲವೆಂಬುದು ಇದರಿಂದ ಸ್ಪಷ್ಟ. ಮೀಮಾಂಸಕರ ಮತದಂತೆ ವಿಧಿಯು ಕರ್ತೃವನ್ನು ಅಪೇಕ್ಷಿಸುವುದು. ಅಪಾಯಕ್ಕೆ ವಿಧಿಯನ್ನು ಹೇಳಲಾಗದು, ಸಾಹಸಿಗೆ ಹೇಳಬಹುದು.

ಆದುದರಿಂದ ಸಾಲದಲ್ಲಿರುವ ಹಾನಿಸಂಭವಕ್ಕೆ ‘ಅಪಾಯ’ವೆಂದೂ, ಅದನ್ನರಿತು ಮುಂದುವರಿಯುವ ಬ್ಯಾಂಕಿನ ನಡೆಗೆ ‘ಸಾಹಸ’ವೆಂದೂ ವಿಭಾಗಿಸುವುದು ಯುಕ್ತ. ಇಂದಿರಾನಗರದ ಯಾವುದೋ ಬ್ಯಾಂಕಿನಲ್ಲಿ ನಿವೃತ್ತಿಯ ಹಣವನ್ನಿಟ್ಟವನಿಗೆ ಪ್ರಶ್ನಿಸಬೇಕಾದುದು ದೈವವನ್ನಲ್ಲ, ಸಾಲ ಕೊಟ್ಟವರನ್ನು ಎಂಬಷ್ಟನ್ನಾದರೂ ಕನ್ನಡದ ಪದವು ತಿಳಿಸಬೇಕು.